ಉಕ್ಕು: ಹಾಲಿಗೂ ಹೊಳೆಗೂ ಉತ್ಸಾಹಕ್ಕೂ ಒಂದೇ ಪದ

ಸೀಸೆ ತೆರೆದೊಡನೆ ಭುಸ್ಸನೆ ಮೇಲೇರುವ ಸೋಡಾಕ್ಕೂ, ಜನರಲ್ಲಿ ಮೂಡುವ ಲವಲವಿಕೆಗೂ ಇಂಗ್ಲಿಷಿನಲ್ಲಿ 'ಎಫರ್ವೆಸೆನ್ಸ್' ಎಂಬ ಒಂದೇ ಪದವಿದೆ. ಕನ್ನಡದಲ್ಲಿ ಈ ಎರಡೂ ಅರ್ಥಗಳನ್ನು ಹೊರಬಲ್ಲ ಪದ 'ಉಕ್ಕು'. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ಭಾಗದಲ್ಲಿ ಅಡುಗೆಮನೆಯಿಂದ ಹೊಳೆದಂಡೆಯವರೆಗೆ ಬಳಕೆಯಲ್ಲಿರುವ ಈ ಪದವು ಸಂತೋಷವನ್ನು ಹೇಳುವಷ್ಟೇ ಸಹಜವಾಗಿ ಅಪಾಯವನ್ನೂ ಹೇಳುತ್ತದೆ.

ಪದದ ಮೂಲ

ಹಳಗನ್ನಡದಲ್ಲಿ ಇದರ ರೂಪ 'ಉರ್ಕು'. 'ಕರ್ಚು' ಎಂಬುದು 'ಕಚ್ಚು' ಆದಂತೆ, 'ಮರ್ದು' ಎಂಬುದು 'ಮದ್ದು' ಆದಂತೆ, ರಕಾರ ಬಿದ್ದುಹೋಗಿ 'ಉಕ್ಕು' ಆಯಿತು. ಕ್ರಿಯಾಪದವಾದಾಗ ಕುದಿದು ಮೇಲೇಳು, ಉಬ್ಬು, ತುಂಬಿ ಹೊರಚೆಲ್ಲು ಎಂಬ ಅರ್ಥಗಳಿವೆ. ನಾಮಪದವಾದಾಗ ಉಬ್ಬರ, ಪರಾಕ್ರಮ, ಸೊಕ್ಕು ಎಂಬ ಅರ್ಥಗಳೂ ಸೇರುತ್ತವೆ. ಉಕ್ಕಿಸು, ಉಕ್ಕೇರು, ಉಕ್ಕಿಬರು ಇದರಿಂದ ಬಂದ ರೂಪಗಳು. ಲೋಹವನ್ನು ಸೂಚಿಸುವ 'ಉಕ್ಕು' ಬೇರೆಯೇ ಅರ್ಥದ್ದು. ಯುರೋಪಿನಲ್ಲಿ ಹೆಸರಾದ 'ವೂಟ್ಜ್' ಎಂಬ ಪದ ಅದರಿಂದ ಬಂದಿತೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ.

ಕುದಿತದಿಂದ ಉತ್ಸಾಹಕ್ಕೆ ಸಾಗಿದ ಪದ ಕನ್ನಡದ್ದು ಮಾತ್ರವಲ್ಲ. 'ಎಫರ್ವೆಸೆನ್ಸ್' ಪದದ ಲ್ಯಾಟಿನ್ ಮೂಲಕ್ಕೆ ಕುದಿಯುವುದು ಎಂದೇ ಅರ್ಥ. ಕನ್ನಡಿಗರ ಮಾತಿಗೂ ಬಂದು ಸೇರಿರುವ 'ಜೋಶ್' ಪಾರ್ಸಿ ಭಾಷೆಯದು. ಅಲ್ಲಿಯೂ ಅದರ ಮೊದಲ ಅರ್ಥ ಕುದಿತವೇ ಆಗಿದೆ.

ಒಲೆಯ ಮೇಲೆ

ಈ ಭಾಗದ ಆಡುಮಾತಿನಲ್ಲಿ ಹಾಲು, ನೀರು ಬಹುವಚನ. 'ನೀರ ಬಂದಾವ' ಎನ್ನುವಂತೆ 'ಹಾಲ ಉಕ್ಕಾಕ ಹತ್ತ್ಯಾವ, ನೋಡವಾ' ಎಂಬ ಎಚ್ಚರಿಕೆ ನಿತ್ಯದ್ದು. ಹಾಲು ಕಾದಾಗ ಮೇಲೆ ಕೆನೆಯ ಪದರ ಕಟ್ಟುತ್ತದೆ. ಅಡಿಯಿಂದೇಳುವ ಆವಿಗೆ ದಾರಿ ಸಿಗದೆ ಪದರವನ್ನೇ ಎತ್ತಿಕೊಂಡು ಬರುತ್ತದೆ. ದಿನವೂ ತಪ್ಪಿಸಬೇಕಾದ ಈ ಉಕ್ಕು ಗೃಹಪ್ರವೇಶದ ದಿನ ಮಾತ್ರ ಬೇಕಾದದ್ದು. ಅಂದು ಹೊಸ ಒಲೆಯ ಮೇಲೆ ಹಾಲು ಉಕ್ಕಿಸುವುದು ಸಮೃದ್ಧಿಯ ಸಂಕೇತ.

ಬೆಲ್ಲದ ಗಾಣದಲ್ಲಿಯೂ ಇದೇ ಮಾತು. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುವಾಗ ಮೇಲೇಳುವ ನೊರೆಯೊಡನೆ ಕೊಳೆಯೂ ಬರುತ್ತದೆ. ಅದನ್ನು ತೆಗೆದುಹಾಕಿದರಷ್ಟೇ ಬೆಲ್ಲಕ್ಕೆ ಬಣ್ಣ. ಆದರೆ ಉಕ್ಕು ಮಿತಿಮೀರಿದರೆ ಪಾಕ ಹೊರಚೆಲ್ಲುತ್ತದೆ. ಅದನ್ನು ತಗ್ಗಿಸಲು ಸ್ವಲ್ಪ ಎಣ್ಣೆ ಬಿಡುವ ರೂಢಿಯಿದೆ.

ಬೆಂಕಿಯಿಲ್ಲದ ಉಕ್ಕು ಸೋಡಾದ್ದು. ನೀರಿನಲ್ಲಿ ಒತ್ತಡದಿಂದ ಕರಗಿಸಿದ ಇಂಗಾಲದ ಡೈಆಕ್ಸೈಡ್, ಒತ್ತಡ ಇಳಿದೊಡನೆ ಗುಳ್ಳೆಗಳಾಗಿ ಹೊರಬರುತ್ತದೆ. ಗೋಲಿ ಸೋಡಾದ ಸೀಸೆಯನ್ನು ರೂಪಿಸಿದ ಇಂಗ್ಲೆಂಡಿನ ಹಿರಮ್ ಕಾಡ್ 1872ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದರು. ಒಳಗಿನ ಅನಿಲವೇ ಗೋಲಿಯನ್ನು ಬಾಯಿಗೆ ಒತ್ತಿಹಿಡಿಯುತ್ತದೆ. ಉಕ್ಕುವ ಶಕ್ತಿಯೇ ಮುಚ್ಚಳದ ಕೆಲಸವನ್ನೂ ಮಾಡುತ್ತದೆ.

ಜನರ ನಡುವೆ

ಹುಣ್ಣಿಮೆಯ ಜಾತ್ರೆಗಳಲ್ಲಿ ಸವದತ್ತಿಯ ಯಲ್ಲಮ್ಮನಗುಡ್ಡದ ಮೇಲೆ ಭಂಡಾರ ತೂರುತ್ತ 'ಉಧೋ ಉಧೋ' ಎನ್ನುವ ಜನಸ್ತೋಮವನ್ನು ವರ್ಣಿಸುವಾಗ 'ಭಕ್ತಿ ಉಕ್ಕಿ ಹರಿಯಿತು' ಎನ್ನುವುದು ವಾಡಿಕೆ. ಜನ ಒಂದೆಡೆ ಸೇರಿದಾಗ ಒಬ್ಬೊಬ್ಬರಲ್ಲಿಯೂ ಹುಟ್ಟುವ, ಒಂಟಿಯಾಗಿದ್ದಾಗ ಹುಟ್ಟದ ಈ ಕಾವನ್ನು ಫ್ರೆಂಚ್ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ 1912ರ ತಮ್ಮ ಗ್ರಂಥದಲ್ಲಿ 'ಸಾಮೂಹಿಕ ಎಫರ್ವೆಸೆನ್ಸ್' ಎಂದು ಕರೆದರು. ಕನ್ನಡದಲ್ಲಿ ಅದನ್ನು 'ಸಮೂಹದ ಉಕ್ಕು' ಎಂದರೆ ಅರ್ಥ ಕೆಡುವುದಿಲ್ಲ.

'ಉರ್ಕು' ಪದದ ಪರಾಕ್ರಮದ ಅರ್ಥಕ್ಕೆ ಕಿತ್ತೂರಿಗಿಂತ ಸಮೀಪದ ಉದಾಹರಣೆ ಬೇಕಿಲ್ಲ. 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಸೈನ್ಯ ಬ್ರಿಟಿಷರನ್ನು ಸೋಲಿಸಿತು. ಕಲೆಕ್ಟರ್ ಥ್ಯಾಕರೆ ಹತನಾದ. ಅದೇ ಡಿಸೆಂಬರಿನಲ್ಲಿ ಕೋಟೆ ಬ್ರಿಟಿಷರ ವಶವಾಯಿತು. ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದ ರಾಣಿ 1829ರಲ್ಲಿ ತೀರಿಕೊಂಡಳು. ಆಕೆಯ ಸಮಾಧಿ ಅಲ್ಲಿಯೇ ಇದೆ. ಗೆಲುವಿನ ದಿನದ ನೆನಪಿಗೆ ಅಕ್ಟೋಬರ್‌ನಲ್ಲಿ ಕಿತ್ತೂರು ಉತ್ಸವ ನಡೆಯುತ್ತದೆ.

ಹೊಳೆ ಉಕ್ಕಿದಾಗ

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಸವದತ್ತಿ, ರಾಮದುರ್ಗಗಳನ್ನು ಹಾದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಸವದತ್ತಿ ಸಮೀಪದ ನವಿಲುತೀರ್ಥದ ಅಣೆಕಟ್ಟು ಅದನ್ನು ತಡೆದು ನಿಲ್ಲಿಸುತ್ತದೆ. 2019ರ ಆಗಸ್ಟ್‌ನಲ್ಲಿ ಜಲಾಶಯ ತುಂಬಿ ನೀರು ಬಿಟ್ಟಾಗ ಮುನವಳ್ಳಿ, ರಾಮದುರ್ಗ ಭಾಗದ ಮನೆ ಹೊಲಗಳಿಗೆ ಹೊಳೆ ನುಗ್ಗಿತು. 'ಹೊಳಿ ಉಕ್ಕೈತಿ' ಎಂಬ ಮಾತಿಗೆ ದಂಡೆಯ ಜನ ಮನೆ ಬಿಟ್ಟು ಹೊರಡಬೇಕಾಯಿತು. ಗೃಹಪ್ರವೇಶದಲ್ಲಿ ಶುಭವಾದ ಅದೇ ಪದ ಇಲ್ಲಿ ಮನೆ ತೊರೆಯುವ ಸೂಚನೆ.

ಹತ್ತಿರದ ಪದಗಳು

'ಹುರುಪು' ಎಂಬುದು ಈ ಭಾಗದಲ್ಲಿ ಬಹಳ ಬಳಕೆಯ ಪದ. ಮರಾಠಿಯಲ್ಲಿಯೂ 'ಹುರೂಪ' ಇದೇ ಅರ್ಥದಲ್ಲಿದೆ. ಹುರುಪು ಮನುಷ್ಯನ ಗುಣ, ವರ್ಷಗಟ್ಟಲೆ ಉಳಿಯಬಲ್ಲದು. ಉಕ್ಕು ಗಳಿಗೆಯದು. 'ನೊರೆ' ಉಕ್ಕಿನ ಫಲವೇ ಹೊರತು ಉತ್ಸಾಹವಲ್ಲ. 'ಬಾಯಲ್ಲಿ ನೊರೆ ಬರುವಷ್ಟು ದುಡಿದ' ಎಂದರೆ ದಣಿವು. ದುಃಖಕ್ಕೂ 'ಉಕ್ಕು' ಸಲ್ಲುತ್ತದೆ: ಅಳು ಉಕ್ಕಿ ಬರುತ್ತದೆ. ವ್ಯಂಗ್ಯಕ್ಕೂ ಸಲ್ಲುತ್ತದೆ: 'ಭಾಳ ಪ್ರೀತಿ ಉಕ್ಕೇತಿ' ಎಂದರೆ ಪ್ರೀತಿಯ ಬಗ್ಗೆ ಅನುಮಾನ.

ಹೀಗಾಗಿ ಲವಲವಿಕೆಯನ್ನಷ್ಟೇ ಹೇಳಬೇಕಾದಲ್ಲಿ 'ಹುರುಪು' ಸಾಕು. ಪಾತ್ರೆಯ ಅಂಚು ಮೀರುವಷ್ಟು ತುಂಬಿಬಂದದ್ದನ್ನು ಹೇಳಬೇಕಾದಲ್ಲಿ 'ಉಕ್ಕು' ಬೇಕು. ಮೀರಿದ್ದು ಹಾಲೋ, ಭಕ್ತಿಯೋ, ಹೊಳೆಯೋ ಎಂಬುದರ ಮೇಲೆ ಅದು ಶುಭವೋ ಅಪಾಯವೋ ಎಂಬುದು ನಿಂತಿದೆ.