ಮೈ ಬರುವುದು, ಕಸುವು ಬರುವುದು: ಎಚ್‌ಐವಿ ಕಾಯಿಲೆಯ ನಂತರದ ತೂಕದ ಅಂಕಿಗಳ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ

ದೀರ್ಘ ಕಾಯಿಲೆಯಿಂದ ಎದ್ದವರ ಬಗ್ಗೆ ಕನ್ನಡದಲ್ಲಿ ಎರಡು ಮಾತುಗಳಿವೆ: ‘ಮೈ ಬಂದಿದೆ’, ‘ಕಸುವು ಬಂದಿದೆ’. ಆಡುಮಾತಿನಲ್ಲಿ ಇವೆರಡೂ ಬೇರೆ. ಎಚ್‌ಐವಿ ಸಂಬಂಧಿತ ತೀವ್ರ ಕಾಯಿಲೆಯ ನಂತರದ ಚೇತರಿಕೆಯನ್ನು ಕುರಿತ ಬರಹಗಳಲ್ಲಿ ಮಾತ್ರ ಎರಡಕ್ಕೂ ಹಲವು ಬಾರಿ ಒಂದೇ ಅಳತೆ, ಕಿಲೋಗ್ರಾಂ, ಬಳಕೆಯಾಗಿದೆ. ಇದರಿಂದ ಹುಟ್ಟುವ ಗೊಂದಲಗಳನ್ನು ಮೂಲಗಳ ಆಧಾರದಲ್ಲಿ ಗುರುತಿಸುವುದಷ್ಟೇ ಇಲ್ಲಿನ ಉದ್ದೇಶ.

ಲೆಕ್ಕಕ್ಕೆ ಹಿನ್ನೆಲೆಯಾಗಿ ಯಲ್ಲಾಪುರ ತಾಲೂಕಿನ ಚಂದಗುಳಿಯ (ಘಂಟೆ ಗಣಪತಿಯ ಊರು) ಆಸುಪಾಸಿನ ಅಡುಗೆಮನೆಯನ್ನೂ ತೋಟದ ಕೆಲಸವನ್ನೂ ಇಟ್ಟುಕೊಳ್ಳಲಾಗಿದೆ. ಯಾವ ರೋಗಿಯ ದಾಖಲೆಯನ್ನೂ ಬಳಸಿಲ್ಲ. 10 ಸೆಪ್ಟೆಂಬರ್ 2018ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ, 2017 ಗೋಪ್ಯತೆಯನ್ನು ಕಡ್ಡಾಯ ಮಾಡಿದೆ. ಅಲ್ಲದೆ ಸಣ್ಣ ಊರಿನಲ್ಲಿ ವಯಸ್ಸು, ಕಸುಬು, ಕೇರಿ ಇಷ್ಟು ಹೇಳಿದರೆ ಹೆಸರು ಹೇಳಿದಂತೆಯೇ.

2. ‘ಶೇ. 10’ ಎಂಬ ಗೆರೆ

ಉಗಾಂಡದ ರಕಾಯಿ ಜಿಲ್ಲೆಯಿಂದ ವರದಿಯಾದ, ವಿಪರೀತ ತೆಳ್ಳಗಾಗಿಸುವ ಕಾಯಿಲೆಯ ವಿವರಣೆ 1985ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. 1987ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ‘ಸೊರಗು ಲಕ್ಷಣಕೂಟ’ವನ್ನು ಏಡ್ಸ್‌ನ ವ್ಯಾಖ್ಯೆಯೊಳಗೆ ಸೇರಿಸಿತು. ಮೂಲ ತೂಕದ ಶೇ. 10ಕ್ಕಿಂತ ಹೆಚ್ಚು ಅನೈಚ್ಛಿಕ ಇಳಿಕೆ ಇರಬೇಕು. ಅದರ ಜೊತೆಗೆ ಕನಿಷ್ಠ 30 ದಿನಗಳ ಭೇದಿಯಾಗಲಿ, ಅಷ್ಟೇ ಅವಧಿಯ ನಿಶ್ಶಕ್ತಿ ಮತ್ತು ಜ್ವರವಾಗಲಿ ಇರಬೇಕು. ಇವಕ್ಕೆ ಎಚ್‌ಐವಿ ಬಿಟ್ಟು ಬೇರೆ ಕಾರಣ ಕಾಣಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಹಂತ ವಿಂಗಡಣೆಯಲ್ಲಿ ಕಾರಣ ತಿಳಿಯದ ಶೇ. 10 ಮೀರಿದ ಇಳಿಕೆ ಒಂದೇ ಇದ್ದರೆ 3ನೇ ಹಂತ, ಪೂರ್ಣ ಲಕ್ಷಣಕೂಟವಿದ್ದರೆ 4ನೇ ಹಂತ. ಗೆರೆ ಒಂದೇ ಆದರೂ ಅದರಿಂದ ಎರಡು ಬೇರೆ ತೀರ್ಮಾನಗಳು ಹೊರಡುತ್ತವೆ.

ಇನ್ನೂ ತೊಡಕಿನದು ‘ಮೂಲ ತೂಕ’. 54 ಕಿಲೋ ಇದ್ದವರು 48ಕ್ಕೆ ಇಳಿದರೆ ಇಳಿಕೆ ಶೇ. 11.1; ಮೊದಲ ತೂಕವನ್ನು ನೆನಪಿನಿಂದ 53 ಎಂದು ಬರೆಸಿದ್ದರೆ ಶೇ. 9.4. ಒಂದು ಕಿಲೋ ಮರೆವು ರೋಗಿಯನ್ನು ಗೆರೆಯ ಆಚೆಯಿಂದ ಈಚೆಗೆ ತರುತ್ತದೆ. ಕಾಯಿಲೆಗೆ ಮುಂಚೆ ತೂಕ ನೋಡಿಕೊಳ್ಳುವ ರೂಢಿಯೇ ಇಲ್ಲದ ಕಡೆ ಶೇಕಡಾವಾರು ಅಂಕಿಯನ್ನು ಅಂದಾಜೆಂದೇ ಓದುವುದು ಸೂಕ್ತ.

3. ತೂಕಕ್ಕಿಂತ ಹೆಚ್ಚಿನ ನಷ್ಟ

ಕಾಟ್ಲರ್ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಅಂಕಿಗಳ ಪ್ರಕಾರ, ಸೊರಗಿ ತೀರಿಕೊಂಡವರಲ್ಲಿ ಮರಣದ ಹೊತ್ತಿಗೆ ದೇಹದ ತೂಕ ಆದರ್ಶ ತೂಕದ ಶೇ. 66ರಷ್ಟು, ಜೀವಕೋಶ ರಾಶಿ ಸಹಜ ಪ್ರಮಾಣದ ಶೇ. 54ರಷ್ಟು ಉಳಿದಿತ್ತು. ಎರಡರ ನಡುವಿನ 12 ಅಂಶಗಳೇ ಈ ಟಿಪ್ಪಣಿಯ ತಿರುಳು: ತಕ್ಕಡಿ ನಷ್ಟವನ್ನು ಕಡಿಮೆ ಮಾಡಿ ತೋರಿಸುತ್ತದೆ. ಒಂದು ಕಾರಣ, ಜೀವಕೋಶ ಕರಗಿದಷ್ಟು ಪ್ರಮಾಣದಲ್ಲಿ ಕೋಶದ ಹೊರಗಿನ ನೀರು ಇಳಿಯುವುದಿಲ್ಲ. ಚೇತರಿಕೆಯಲ್ಲೂ ಇದೇ ಎಚ್ಚರ ಬೇಕು. ಬಹುಕಾಲ ಉಂಡಿರದವರು ಮತ್ತೆ ಉಣ್ಣತೊಡಗಿದ ಮೊದಲ ದಿನಗಳಲ್ಲಿ ಕಾಲು ಬಾತು ಏರುವ ತೂಕ ಮಾಂಸವಲ್ಲ. ಅದೇ ಅವಧಿಯಲ್ಲಿ ರಕ್ತದ ಫಾಸ್ಫೇಟ್ ಅಪಾಯಕಾರಿ ಮಟ್ಟಕ್ಕೆ ಕುಸಿಯಬಹುದಾದ್ದರಿಂದ, ತೀರಾ ಬಡಕಲಾದವರಿಗೆ ಒಮ್ಮೆಲೇ ಹೊಟ್ಟೆತುಂಬ ಬಡಿಸುವುದಕ್ಕಿಂತ ವೈದ್ಯರ ನಿಗಾದಲ್ಲಿ ಹಂತ ಹಂತವಾಗಿ ಹೆಚ್ಚಿಸುವುದು ವಾಡಿಕೆ.

4. ಕಾರಣ: ಉರಿಯುವುದೋ, ಉಣ್ಣದಿರುವುದೋ

ವಿಶ್ರಾಂತ ಸ್ಥಿತಿಯ ಶಕ್ತಿವ್ಯಯ ಎಚ್‌ಐವಿಯಲ್ಲಿ ಹೆಚ್ಚುತ್ತದೆ ಎಂದು ಹಲವು ಅಧ್ಯಯನಗಳು ತೋರಿಸಿದ್ದವು. 1995ರಲ್ಲಿ ಮಕಾಲನ್ ಮತ್ತು ಸಂಗಡಿಗರು ಇಡೀ ದಿನದ ವ್ಯಯವನ್ನು ಅಳೆದಾಗ, ತೂಕ ವೇಗವಾಗಿ ಇಳಿಯುವ ಅವಧಿಯಲ್ಲಿ ಅದು ಕಡಿಮೆಯೇ ಇತ್ತು. ಇಳಿಕೆಗೆ ಮುಖ್ಯ ಕಾರಣ ಆಹಾರ ಸೇವನೆ ತಗ್ಗಿದ್ದು ಎಂದು ಅವರು ಕಂಡರು. ಇವೆರಡು ಪರಸ್ಪರ ವಿರುದ್ಧವಾಗಬೇಕಿಲ್ಲ. ಮಲಗಿದವರ ದೇಹ ಗಂಟೆಗೆ ಹೆಚ್ಚು ಖರ್ಚು ಮಾಡಿದರೂ ಓಡಾಟ ನಿಂತಿರುವುದರಿಂದ ದಿನದ ಮೊತ್ತ ಇಳಿಯುತ್ತದೆ.

ಭಾರತದಲ್ಲಿ ಈ ಸೊರಗುವಿಕೆಯ ಹಿಂದೆ ಆಗಾಗ್ಗೆ ಕ್ಷಯವಿರುವುದರಿಂದ ಮತ್ತೊಂದು ಸಾಕ್ಷ್ಯ ಇಲ್ಲಿಗೆ ಪ್ರಸ್ತುತ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನ 4 ಜಿಲ್ಲೆಗಳಲ್ಲಿ ನಡೆಸಿದ ‘ರೇಷನ್ಸ್’ ಅಧ್ಯಯನ (ಪ್ರಕಟಣೆ 2023) ಕ್ಷಯರೋಗಿಗಳಿಗೆ ದಿನಕ್ಕೆ ಸುಮಾರು 1200 ಕಿಲೋಕ್ಯಾಲೊರಿ, 52 ಗ್ರಾಂ ಪ್ರೋಟೀನಿನ ಆಹಾರ ಒದಗಿಸಿತು. ಮೊದಲ 2 ತಿಂಗಳಲ್ಲಿ ತೂಕ ಶೇ. 5ರಷ್ಟು ಏರಿದವರಲ್ಲಿ ಮರಣದ ಅಪಾಯ ಶೇ. 61ರಷ್ಟು ಕಡಿಮೆಯಿತ್ತು. ಇದು ಎಚ್‌ಐವಿ ಇರುವವರನ್ನು ಗುರಿಯಾಗಿಟ್ಟ ಅಧ್ಯಯನವಲ್ಲ. ಮೇಲಾಗಿ ತೂಕ ಮತ್ತು ಬದುಕುಳಿಯುವಿಕೆಯ ಈ ನಂಟು ಸಹಸಂಬಂಧ, ನೇರ ಕಾರಣವೆಂದು ಓದಲಾಗದು. ಆದರೂ ತಕ್ಕಡಿಯನ್ನು ಪೂರ್ತಿ ಕಡೆಗಣಿಸುವಂತಿಲ್ಲ ಎಂಬುದಕ್ಕೆ ಇದು ಬಲವಾದ ಆಧಾರ.

5. ಮೈ ಬೇರೆ, ಕಸುವು ಬೇರೆ

1990ರ ದಶಕದ ಔಷಧ ಪ್ರಯೋಗಗಳು ಈ ಭೇದವನ್ನು ತಾವೇ ಬಯಲಿಗೆ ತಂದವು. ಹಸಿವು ಹೆಚ್ಚಿಸುವ ಮೆಜೆಸ್ಟ್ರಾಲ್ ಅಸಿಟೇಟ್‌ನಿಂದ ತೂಕ ಬಂತು, ಆದರೆ ಬಹುಪಾಲು ಕೊಬ್ಬಾಗಿ. ಬೆಳವಣಿಗೆ ಹಾರ್ಮೋನಿನ 12 ವಾರಗಳ ಪ್ರಯೋಗದಲ್ಲಿ (ಶಾಂಬೆಲಾನ್ ಮತ್ತು ಸಂಗಡಿಗರು, 1996) ಕೊಬ್ಬೇತರ ರಾಶಿ ಸರಾಸರಿ 3.0 ಕಿಲೋ ಏರಿತು, ಕೊಬ್ಬು 1.7 ಕಿಲೋ ಇಳಿಯಿತು, ತೂಕ 1.6 ಕಿಲೋ ಏರಿತು. 3.0ರಲ್ಲಿ 1.7 ಕಳೆದರೆ ಉಳಿಯುವುದು 1.3. ಉಳಿದ 0.3 ಬಹುಶಃ ಅಳತೆಯ ವಿಧಾನಗಳು ಬೇರೆಬೇರೆಯಾದ್ದರಿಂದ ಬಂದ ವ್ಯತ್ಯಾಸ. ಕೊಬ್ಬೇತರ ರಾಶಿಯಲ್ಲಿ ನೀರೂ ಸೇರಿರುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ಹೆಚ್ಚು ಗಮನಾರ್ಹವಾದದ್ದು ಭಾಸಿನ್ ಮತ್ತು ಸಂಗಡಿಗರ 2000ದ ಅಧ್ಯಯನ. ತೂಕ ಕಳೆದುಕೊಂಡಿದ್ದ ಎಚ್‌ಐವಿ ಸೋಂಕಿತ ಪುರುಷರು 16 ವಾರ ಟೆಸ್ಟೋಸ್ಟಿರೋನ್ ಅಥವಾ ಭಾರ ಎತ್ತುವ ವ್ಯಾಯಾಮ ಅಥವಾ ಎರಡನ್ನೂ ಪಡೆದರು. ಔಷಧ ಮಾತ್ರ ಪಡೆದವರ ತೂಕ 2.6 ಕಿಲೋ, ವ್ಯಾಯಾಮ ಮಾತ್ರ ಮಾಡಿದವರದು 2.2 ಕಿಲೋ ಏರಿತು. ಎರಡೂ ಇದ್ದವರಲ್ಲಿ ಕೇವಲ 0.7. ಆದರೆ ಸ್ನಾಯುಬಲ ಮೂರೂ ಗುಂಪುಗಳಲ್ಲಿ ಗಣನೀಯವಾಗಿ ಹೆಚ್ಚಿತು. ಮೈ ಬಾರದೆ ಕಸುವು ಬರುವುದು ಸಾಧ್ಯ ಎಂಬ ಸೂಚನೆ ಇಲ್ಲಿದೆ.

ಈ ಫಲಿತವನ್ನು ತೋಟದ ಕೆಲಸಕ್ಕೆ ನೇರವಾಗಿ ಅನ್ವಯಿಸಲಾಗದು. ವ್ಯಾಯಾಮದಲ್ಲಿ ಭಾರ ವಾರದಿಂದ ವಾರಕ್ಕೆ ಅಳತೆಯಲ್ಲಿ ಏರುತ್ತದೆ. ಸೊಪ್ಪಿನ ಹೊರೆಯ ತೂಕವನ್ನು ನಿರ್ಧರಿಸುವುದು ಹೊತ್ತವರ ಬಲವಲ್ಲ, ಆ ದಿನದ ಅಗತ್ಯ. ಅಡಿಕೆ ಮರ ಹತ್ತುವ ಕೊನೆಗೌಡನ ಕೆಲಸದಲ್ಲಂತೂ ಅರೆಬರೆ ಬಲಕ್ಕೆ ಅವಕಾಶವೇ ಇಲ್ಲ. ‘ಕೆಲಸಕ್ಕೆ ಮರಳಿದರು’ ಎಂಬ ನಮೂದು ಕಸುವಿನ ಅಳತೆಯಾಗುವುದಕ್ಕಿಂತ ಬಡತನದ ಅಳತೆಯಾಗಿರುವ ಸಂಭವವೂ ಇದೆ.

6. ಅನ್ನ, ಹುರುಳಿ ಮತ್ತು ಎರಡು ಕೋಷ್ಟಕಗಳು

ವಿಶ್ವ ಆರೋಗ್ಯ ಸಂಸ್ಥೆಯ 2003ರ ಸಮಾಲೋಚನೆ ಲಕ್ಷಣಗಳಿರುವ ವಯಸ್ಕರಿಗೆ ಶಕ್ತಿಯ ಅಗತ್ಯ ಶೇ. 20ರಿಂದ 30 ಹೆಚ್ಚೆಂದು ಹೇಳಿತು. ಪ್ರೋಟೀನಿನ ಪಾಲು ಒಟ್ಟು ಶಕ್ತಿಯ ಶೇ. 12ರಿಂದ 15ರಷ್ಟಿದ್ದರೆ ಸಾಕು, ಅದನ್ನು ಮೀರಲು ಸಾಕಷ್ಟು ಪುರಾವೆಯಿಲ್ಲ ಎಂದಿತು. ದಿನಕ್ಕೆ 2400 ಕಿಲೋಕ್ಯಾಲೊರಿ ಉಣ್ಣುವವರಿಗೆ ಇದು 72ರಿಂದ 90 ಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು ಆರೋಗ್ಯವಂತರಿಗೆ ಕಿಲೋಗೆ 0.83 ಗ್ರಾಂ, ಅಂದರೆ 50 ಕಿಲೋ ದೇಹಕ್ಕೆ 41.5 ಗ್ರಾಂ. ಮೊದಲನೆಯದು ಊಟದ ಅನುಪಾತ, ಎರಡನೆಯದು ದೇಹದ ಅಗತ್ಯ. ಒಂದರ ಜಾಗದಲ್ಲಿ ಇನ್ನೊಂದನ್ನು ಉದ್ಧರಿಸುವುದು ತಪ್ಪು.

ಈಗ ಅನ್ನ. ಗೋಪಾಲನ್ ಮತ್ತು ಸಂಗಡಿಗರ ಹಳೆಯ ಕೋಷ್ಟಕದಲ್ಲಿ 100 ಗ್ರಾಂ ಬೆಳ್ತಿಗೆ ಅಕ್ಕಿಗೆ 6.8 ಗ್ರಾಂ ಪ್ರೋಟೀನು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಲ್ಲಿ 7.94. ದಿನಕ್ಕೆ 400 ಗ್ರಾಂ ಅಕ್ಕಿ ಎಂದಿಟ್ಟರೆ 27.2 ಮತ್ತು 31.8. ಉಂಡವರ ಮೈಯಲ್ಲಿ ಇಲ್ಲದ 4.6 ಗ್ರಾಂ ಕೋಷ್ಟಕ ಬದಲಾದದ್ದರಿಂದಲೇ ಲೆಕ್ಕದಲ್ಲಿ ಹುಟ್ಟುತ್ತದೆ. ಇದು ಸುಮಾರು 20 ಗ್ರಾಂ ಬೇಳೆಯ ಪ್ರೋಟೀನಿಗೆ ಸಮ. ಎರಡು ಕಾಲದ ಸಮೀಕ್ಷೆಗಳನ್ನು ಹೋಲಿಸುವವರು ಯಾವ ಕೋಷ್ಟಕವೆಂದು ನಮೂದಿಸುವುದು ಅಗತ್ಯ.

ಮೊತ್ತಕ್ಕಿಂತ ಮುಖ್ಯವಾದದ್ದು ಲೈಸಿನ್ ಎಂಬ ಅಮೈನೋ ಆಮ್ಲ. ವಯಸ್ಕರ ಅಗತ್ಯವನ್ನು 1985ರ ಅಂತರರಾಷ್ಟ್ರೀಯ ವರದಿ ಕಿಲೋಗೆ 12 ಮಿಲಿಗ್ರಾಂ ಎಂದಿತ್ತು. 2007ರ ವರದಿ 30 ಎಂದಿತು. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಅನುರ ಕುರ್ಪಾಡ್ ಮತ್ತು ಸಂಗಡಿಗರು ದೀರ್ಘಕಾಲದ ನ್ಯೂನಪೋಷಣೆಯ ಪುರುಷರಲ್ಲಿ ಅಳೆದಾಗ (2003) ಅದು ಸುಮಾರು 44 ಬಂತು. 50 ಕಿಲೋ ದೇಹಕ್ಕೆ ಕ್ರಮವಾಗಿ 600, 1500, 2200 ಮಿಲಿಗ್ರಾಂ. ಅಕ್ಕಿಯ ಪ್ರೋಟೀನಿನಲ್ಲಿ ಲೈಸಿನ್ ಸುಮಾರು ಶೇ. 3.7, ಹಾಗಾಗಿ 400 ಗ್ರಾಂ ಅಕ್ಕಿಯಿಂದ ಸಿಗುವುದು ಸುಮಾರು 1180. ಹಳೆಯ ಗೆರೆಯಲ್ಲಿ ಗಂಜಿಯೊಂದೇ ಸಾಕಾಗಿತ್ತು, ಹೊಸದರಲ್ಲಿ ಸಾಲದು. 50 ಗ್ರಾಂ ಹುರುಳಿ ಸೇರಿದರೆ (ಪ್ರೋಟೀನು 10.9 ಗ್ರಾಂ, ಅದರಲ್ಲಿ ಲೈಸಿನ್ ಸುಮಾರು ಶೇ. 7) ಮೊತ್ತ 1940ರ ಆಸುಪಾಸು: 1500 ದಾಟಿತು, 2200 ಮುಟ್ಟಲಿಲ್ಲ. ಒಂದು ಮೊಟ್ಟೆ ಸುಮಾರು 460 ಸೇರಿಸುತ್ತದೆ. ಮೊಟ್ಟೆ ತಿನ್ನದ ಮನೆಗಳಲ್ಲಿ ಹಾಲು, ಮೊಸರು ಆ ಕೊರತೆ ತುಂಬಬೇಕು. ನೀರುಮಜ್ಜಿಗೆಯ ತಂಬುಳಿ ಬಾಯಿಗೆ ಹಿತ, ಕಾಯಿಲೆಯವರ ಹಸಿವೆಗೆ ನೆರವಾದೀತು; ಪ್ರೋಟೀನಿನ ಲೆಕ್ಕದಲ್ಲಿ ಅದನ್ನು ಮೊಸರಿನ ಸಮಕ್ಕೆ ಬರೆಯಲಾಗದು. ಹುರುಳಿಕಟ್ಟಿನ ಮಾತೂ ಹಾಗೆಯೇ: ಕಟ್ಟು ಬಸಿದು ಕಾಳನ್ನು ಬೇರೆಯವರಿಗೆ ಬಡಿಸಿದರೆ ಮೇಲಿನ 10.9 ಗ್ರಾಂ ರೋಗಿಯ ಪಾಲಿಗೆ ಬರುವುದಿಲ್ಲ.

ಎರಡು ಮಿತಿಗಳಿವೆ. ಪಚನದಲ್ಲಾಗುವ ನಷ್ಟವನ್ನು ಇಲ್ಲಿ ಕಳೆದಿಲ್ಲ. 44ರ ಅಂಕಿ ಎಚ್‌ಐವಿ ರೋಗಿಗಳದ್ದಲ್ಲ. ಅದು ಇದ್ದ ದೇಹವನ್ನು ಕಾಯ್ದುಕೊಳ್ಳಲು ಬೇಕಾದದ್ದು, ಕಳೆದ ಸ್ನಾಯುವನ್ನು ಕಟ್ಟಲು ಬೇಕಾದದ್ದಲ್ಲ.

7. ಔಷಧದ ಹೆಸರಿಲ್ಲದ ತೂಕ

ಭಾರತದಲ್ಲಿ ಎಚ್‌ಐವಿಯನ್ನು ಹತ್ತಿಕ್ಕುವ ಉಚಿತ ಔಷಧ ಚಿಕಿತ್ಸೆ (ಎಆರ್‌ಟಿ) 1 ಏಪ್ರಿಲ್ 2004ರಂದು ಆರಂಭವಾಯಿತು. ಆರಂಭದ ವರ್ಷಗಳಲ್ಲಿ ವ್ಯಾಪಕವಾಗಿದ್ದ ಸ್ಟಾವುಡಿನ್ ಎಂಬ ಔಷಧ ಕೆನ್ನೆ, ಕೈಕಾಲುಗಳ ಕೊಬ್ಬನ್ನು ಕರಗಿಸುತ್ತಿತ್ತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಹಂತಹಂತವಾಗಿ ಕೈಬಿಡಲು ಸೂಚಿಸಿತು. ಆ ಕಾಲದ ರೋಗಿಯ ತೆಳು ತೋಳನ್ನು ಸ್ನಾಯುನಷ್ಟವೆಂದು ಓದುವ ಮುನ್ನ ಚರ್ಮದ ಮಡಿಕೆಯ ಅಳತೆ ಬೇಕು. ತೋಳಿನ ಸುತ್ತಳತೆ 22 ಸೆಂ.ಮೀ., ಹಿಂತೋಳಿನ ಮಡಿಕೆ 0.5 ಸೆಂ.ಮೀ. ಇದ್ದರೆ, ಮಡಿಕೆಯನ್ನು 3.14ರಿಂದ ಗುಣಿಸಿ ಕಳೆದಾಗ ಸ್ನಾಯುವಿನ ಸುತ್ತಳತೆ 20.43. ಅದೇ 22ರಲ್ಲಿ ಮಡಿಕೆ 1.2 ಇದ್ದರೆ 18.23 ಮಾತ್ರ.

2020ರ ಸುಮಾರಿಗೆ ದೇಶದ ಮೊದಲ ಸಾಲಿನ ಚಿಕಿತ್ಸೆ ಎಫಾವಿರೆಂಜ್‌ನಿಂದ ಡೊಲುಟೆಗ್ರಾವಿರ್‌ಗೆ ಬದಲಾಯಿತು. ದಕ್ಷಿಣ ಆಫ್ರಿಕಾದ ‘ಅಡ್ವಾನ್ಸ್’ ಪ್ರಯೋಗದಲ್ಲಿ (2019) 48 ವಾರಗಳ ಸರಾಸರಿ ಏರಿಕೆ ಎಫಾವಿರೆಂಜ್ ಗುಂಪಿನಲ್ಲಿ 1.7 ಕಿಲೋ, ಟೆನೊಫೊವಿರ್ ಡಿಸೊಪ್ರಾಕ್ಸಿಲ್ ಜೊತೆಗಿನ ಡೊಲುಟೆಗ್ರಾವಿರ್ ಗುಂಪಿನಲ್ಲಿ 3.2, ಟೆನೊಫೊವಿರ್ ಅಲಾಫೆನಮೈಡ್ ಜೊತೆಗೆ 6.4. ಆದ್ದರಿಂದ 2016ರಲ್ಲಿ ಏರಿದ 3 ಕಿಲೋ ಮತ್ತು 2022ರಲ್ಲಿ ಏರಿದ 3 ಕಿಲೋ ಒಂದೇ ಬಗೆಯ ಚೇತರಿಕೆ ಎಂದುಕೊಳ್ಳಲು ಆಧಾರವಿಲ್ಲ. ತೂಕದ ಪಕ್ಕದಲ್ಲಿ ದಿನಾಂಕ, ಔಷಧದ ಹೆಸರು, ಕಾಲಿನ ಬಾವು ಇದೆಯೇ ಎಂಬ ನಮೂದು, ತೋಳಿನ ಎರಡು ಅಳತೆಗಳು, ಕೈಯೂರದೆ ಕುರ್ಚಿಯಿಂದ ಐದು ಬಾರಿ ಏಳಲು ಹಿಡಿದ ಸೆಕೆಂಡುಗಳು: ಇಷ್ಟಕ್ಕೆ ಬೇಕಾದದ್ದು ಒಂದು ಟೇಪು, ಒಂದು ಕ್ಯಾಲಿಪರ್, ಒಂದು ಗಡಿಯಾರ.