ಕಿತ್ತೂರಿನ ಒಬ್ಬ ಕೈದಿ

ಪುಣೆ-ಬೆಂಗಳೂರು ಹೆದ್ದಾರಿಯಿಂದ ತುಸು ಒಳಗಿರುವ ಕಿತ್ತೂರಿಗೆ ಬಂದವರು ಕೋಟೆಯೊಳಗೆ ಅರಮನೆಯ ಮುರಿದ ಗೋಡೆಗಳನ್ನು, ಧ್ರುವತಾರೆ ನೋಡುವ ಕಿಂಡಿಯನ್ನು, ವಸ್ತುಸಂಗ್ರಹಾಲಯವನ್ನು ನೋಡಿ ಮರಳುತ್ತಾರೆ. ನನಗೆ ಅಲ್ಲಿ ಹೋದಾಗಲೆಲ್ಲ ನೆನಪಾಗುವವನು ಇಪ್ಪತ್ತೊಂದರ ಹರೆಯದ ಒಬ್ಬ ಸ್ಕಾಟಿಷ್ ಕೈದಿ.

1824ರ ಸೆಪ್ಟೆಂಬರಿನಲ್ಲಿ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮುನ್ನ ಅವನು ತೆಗೆದುಕೊಂಡ ದತ್ತಕವನ್ನು ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಮಾನ್ಯ ಮಾಡಲಿಲ್ಲ. ದತ್ತಕ ಒಪ್ಪದೆ ರಾಜ್ಯ ನುಂಗುವುದನ್ನು ನಾವು ಶಾಲೆಯಲ್ಲಿ ಡಾಲ್‌ಹೌಸಿಯ ಹೆಸರಿನಲ್ಲಿ ಓದಿದೆವು. ಆತ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಕಿತ್ತೂರು ಅದರ ರುಚಿ ಕಂಡದ್ದು 24 ವರ್ಷ ಮೊದಲೇ.

ಅಕ್ಟೋಬರ್ 23ರಂದು ಕೋಟೆಯ ಮುಂದೆ ಥ್ಯಾಕರೆ ಸತ್ತ. ಮುಂದೆ ಕಾದಂಬರಿಕಾರನಾಗಿ ಹೆಸರಾದ ಅವನ ಅಣ್ಣನ ಮಗ ವಿಲಿಯಂ ಥ್ಯಾಕರೆ ಆಗ ಇಂಗ್ಲೆಂಡಿನಲ್ಲಿ ಶಾಲೆಗೆ ಹೋಗುತ್ತಿದ್ದ ಹದಿಮೂರರ ಹುಡುಗ. ಅಂದು ಕಿತ್ತೂರಿನವರ ಕೈಗೆ ಇಬ್ಬರು ಅಧಿಕಾರಿಗಳು ಜೀವಂತ ಸಿಕ್ಕರು: ಸ್ಟೀವನ್‌ಸನ್ ಮತ್ತು ವಾಲ್ಟರ್ ಎಲಿಯಟ್. ರಾಣಿ ಚೆನ್ನಮ್ಮ ಅವರನ್ನು ಕೊಲ್ಲಿಸಲಿಲ್ಲ. ಸಂಧಾನವಾದೀತೆಂಬ ಆಸೆಯಿಂದ ಡಿಸೆಂಬರ್ ಮೊದಲಲ್ಲಿ ಬಿಟ್ಟುಕೊಟ್ಟಳು. ಕಂಪನಿ ಕೈದಿಗಳನ್ನು ಪಡೆದುಕೊಂಡಿತು, ಕೆಲವೇ ದಿನಗಳಲ್ಲಿ ಕೋಟೆಯನ್ನೂ ಪಡೆದುಕೊಂಡಿತು.

ಬಿಡುಗಡೆಯಾದ ಎಲಿಯಟ್ ಧಾರವಾಡ ಸೀಮೆಯಲ್ಲೇ 1833ರವರೆಗೆ ಕೆಲಸ ಮಾಡಿದ. ಗುಡಿ, ಕೆರೆಗಳ ಬಳಿ ಬಿದ್ದಿದ್ದ ಶಾಸನಗಳನ್ನು ನಕಲು ಮಾಡಿಸುತ್ತ ಹೋದ. ಕೊನೆಗೆ ಅವನ ಸಂಗ್ರಹದಲ್ಲಿ 595 ಶಾಸನಗಳಿದ್ದವು. ಅವುಗಳನ್ನಿಟ್ಟುಕೊಂಡು ಅವನು ಬರೆದ ಪ್ರಬಂಧ 1837ರಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಚಾಲುಕ್ಯರ ವಂಶಾವಳಿಯನ್ನು ಕಲ್ಲಿನ ಆಧಾರದಿಂದ ಕಟ್ಟುವ ಕೆಲಸಕ್ಕೆ ಅದು ಮೊದಲ ಮೆಟ್ಟಿಲು. ನಕಲುಗಾರರ ತಪ್ಪುಗಳು ಅದರಲ್ಲಿ ಸಾಕಷ್ಟಿದ್ದವು. ತಿದ್ದಿದವನು ಮುಂದಿನ ತಲೆಮಾರಿನ ಫ್ಲೀಟ್. ಆದರೆ ಆ ನಕಲುಗಳಿಲ್ಲದಿದ್ದರೆ ಫ್ಲೀಟ್ ಇನ್ನೂ ಹಿಂದಿನಿಂದ ಹೊರಡಬೇಕಾಗುತ್ತಿತ್ತು.

ಇದನ್ನು ಎಲಿಯಟ್‌ನ ಗುಣಗಾನಕ್ಕೆ ಬರೆಯುತ್ತಿಲ್ಲ. ಅವನೂ ಕಂಪನಿಯ ಆಳೇ. ಅಮರಾವತಿ ಸ್ತೂಪದ ಅವಶೇಷಗಳನ್ನು ಅಗೆಸಿದವನೂ ಅವನೇ. ಅವು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ನನಗೆ ಮುಖ್ಯವೆನಿಸುವುದು ಚೆನ್ನಮ್ಮನ ತೀರ್ಮಾನ. ಅವಳ ಕಥೆಯಲ್ಲಿ ನಾವು ಕತ್ತಿಯನ್ನೇ ಹಾಡಿದ್ದೇವೆ. ಸೇಡಿನ ಬಿಸಿಯಲ್ಲೂ ಇಬ್ಬರು ಕೈದಿಗಳನ್ನು ಉಳಿಸಿದ ಆ ಐದಾರು ವಾರಗಳ ಬಗ್ಗೆ ಲಾವಣಿಗಳನ್ನು ಕೇಳಿ ಬೆಳೆದ ನಾವು ಮಾತಾಡುವುದು ಕಡಿಮೆ.

ಥ್ಯಾಕರೆಗೆ ಧಾರವಾಡದಲ್ಲಿ ಸ್ಮಾರಕ ಎದ್ದಿತು. ಎಲಿಯಟ್ ಸರ್ ಪದವಿ ಪಡೆದು, ಸ್ಕಾಟ್ಲೆಂಡಿನ ತನ್ನ ಮನೆಯಲ್ಲಿ 1887ರಲ್ಲಿ ತೀರಿಕೊಂಡ. ಅವನನ್ನು ಬಿಟ್ಟುಕೊಟ್ಟ ರಾಣಿಯನ್ನು ಮಾತ್ರ ಕಂಪನಿ ಬಿಡಲಿಲ್ಲ. 1829ರ ಫೆಬ್ರುವರಿಯಲ್ಲಿ ಬೈಲಹೊಂಗಲದ ಸೆರೆಯಲ್ಲೇ ಅವಳು ಕಣ್ಣು ಮುಚ್ಚಿದಳು. ಸಮಾಧಿ ಅಲ್ಲೇ, ಊರ ನಡುವೆ ಇದೆ.