ಹದಿನೈದು ವರ್ಷದ ಹಿರಿತನ

ಕೊಡಗಿನ ಕಾರ್ಯಪ್ಪನವರು ಭೂಸೇನೆಯ ದಂಡನಾಯಕರಾದದ್ದು 1949ರ ಜನವರಿ 15ರಂದು. ಆ ತಾರೀಕು ನಮ್ಮಲ್ಲಿ ಹಲವರಿಗೆ ಬಾಯಿಪಾಠ. ಆದರೆ ವಿಮಾನದಳಕ್ಕೆ ಭಾರತೀಯ ದಂಡನಾಯಕರು ಬರಲು ಅಲ್ಲಿಂದ ಮುಂದೆ ಐದು ವರ್ಷ ಹಿಡಿಯಿತು. ಸ್ವಾತಂತ್ರ್ಯ ಬಂದ ಮೇಲೂ ಎಲ್ಮ್‌ಹರ್ಸ್ಟ್, ಐವ್‌ಲಾ-ಚಾಪ್‌ಮನ್, ಗಿಬ್ಸ್ ಎಂಬ ಮೂವರು ಆಂಗ್ಲರು ಒಬ್ಬರಾದ ಮೇಲೊಬ್ಬರು ಆ ಪೀಠದಲ್ಲಿದ್ದರು. ಇದೇಕೆ ಹೀಗಾಯಿತೆಂದು ನನಗೆ ಬಹುಕಾಲ ಬೇಸರವಿತ್ತು. ಸುಬ್ರತೊ ಮುಖರ್ಜಿಯವರ ಬಾಳನ್ನು ತಿಳಿದ ಮೇಲೆ ಆ ಬೇಸರ ಕಳೆಯಿತು.

ಅವರು ಹುಟ್ಟಿದ್ದು 1911ರಲ್ಲಿ, ಕಲ್ಕತ್ತೆಯಲ್ಲಿ. ಇಂಗ್ಲೆಂಡಿನ ಕ್ರಾನ್‌ವೆಲ್ ವಿಮಾನ ಶಾಲೆಗೆ ಆಯ್ಕೆಯಾದ ಮೊದಲ ಭಾರತೀಯರು ಆರು ಮಂದಿ. ಅವರಲ್ಲಿ ಟಂಡನ್ ಎಂಬವರಿಗೆ ಕಾಲು ಗಿಡ್ಡವೆಂದು ವಿಮಾನ ನಡೆಸುವ ಕೆಲಸ ತಪ್ಪಿ, ಸಾಮಗ್ರಿಯ ಉಸ್ತುವಾರಿ ಬಂತು! ಉಳಿದ ಐವರು ಪೈಲಟ್‌ಗಳಾದರು, ಮುಖರ್ಜಿ ಅವರಲ್ಲೊಬ್ಬರು. 1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡಿನಲ್ಲಿ ಒಂದನೆಯ ಸ್ಕ್ವಾಡ್ರನ್ ಹುಟ್ಟಿತು. ಅದರ ಆಸ್ತಿಯೆಂದರೆ ಜೋಡಿ ರೆಕ್ಕೆಯ ನಾಲ್ಕು ವಾಪಿಟಿ ವಿಮಾನಗಳು, ಹವಾಯಿ ಸಿಪಾಯಿಗಳೆಂದು ಕರೆಸಿಕೊಂಡ ಕೆಲವೇ ಜನ. ನಾಯಕ ಮಾತ್ರ ಬೌಚಿಯರ್ ಎಂಬ ಆಂಗ್ಲ ಅಧಿಕಾರಿ. ವಾಯವ್ಯ ಗಡಿಯ ಗುಡ್ಡಗಳ ಮೇಲೆ ಹಾರುತ್ತಾ ಈ ಹುಡುಗರು ಪಳಗಿದರು. 1939ರ ಮಾರ್ಚಿಯಲ್ಲಿ ಅದೇ ಸ್ಕ್ವಾಡ್ರನ್ ಮುಖರ್ಜಿಯವರ ಕೈಗೆ ಬಂತು. 1943ರಲ್ಲಿ ಕೊಹಾಟ್ ವಿಮಾನ ನೆಲೆಯೂ ಬಂತು. ಎರಡು ಹುದ್ದೆಗೂ ಅವರೇ ಮೊದಲ ಭಾರತೀಯರು.

ಇನ್ನು ಲೆಕ್ಕ ಹಾಕಿ ನೋಡಿ. ಕಾರ್ಯಪ್ಪನವರು ಅಧಿಕಾರಿಯಾದದ್ದು 1919ರಲ್ಲಿ. ಪಟ್ಟಕ್ಕೆ ಬಂದಾಗ ಅವರಿಗೆ ಮೂವತ್ತು ವರ್ಷದ ಅನುಭವ. ಮುಖರ್ಜಿ ಅಧಿಕಾರಿಯಾದದ್ದು 1932ರ ಅಕ್ಟೋಬರಿನಲ್ಲಿ. 1947ರಲ್ಲಿ ನಮ್ಮ ವಿಮಾನದಳದ ಹಿರಿತನವೆಂದರೆ ಬರಿಯ ಹದಿನೈದು ವರ್ಷ! ಬ್ರಿಟಿಷರು ಬಾಗಿಲು ತೆರೆದದ್ದೇ ತಡವಾಗಿ. ಅದರ ಫಲವನ್ನು ಸ್ವತಂತ್ರ ಭಾರತ ಉಣ್ಣಬೇಕಾಯಿತು. ದಳವೇ ದೇಶದೊಡನೆ ಹರಿದು ಹಂಚಿಹೋದ ಹೊತ್ತು ಅದು. ಆತುರದವರಾಗಿದ್ದರೆ ಪೀಠಕ್ಕೆ ಪಟ್ಟು ಹಿಡಿಯಬಹುದಿತ್ತು. ಇವರು ಆಂಗ್ಲ ದಂಡನಾಯಕರ ಕೈಕೆಳಗೆ ಉಪಮುಖ್ಯರಾಗಿ ದುಡಿದರು. ಇದನ್ನು ಅಂಜಿಕೆಯೆನ್ನುವವರು ಇರಬಹುದು, ನಾನು ಒಪ್ಪಲಾರೆ.

1954ರ ಏಪ್ರಿಲ್ 1ರಂದು ಪಟ್ಟ ಬಂದಾಗ ಅವರಿಗೆ ನಲವತ್ತಮೂರು ವರ್ಷ. ಮುಂದಿನ ಆರು ವರ್ಷಗಳಲ್ಲಿ ಮಿಸ್ಟೇರ್, ಹಂಟರ್, ಕ್ಯಾನ್‌ಬೆರಾ ಮುಂತಾದ ಜೆಟ್ ವಿಮಾನಗಳು ದಳಕ್ಕೆ ಸೇರಿದವು. ನ್ಯಾಟ್ ವಿಮಾನವನ್ನು ನಮ್ಮ ಬೆಂಗಳೂರಿನಲ್ಲೇ ಕಟ್ಟುವ ಒಪ್ಪಂದವೂ ಆ ಕಾಲದ್ದೇ.

1960ರ ನವೆಂಬರ್ 8. ಏರ್ ಇಂಡಿಯಾದ ಮೊದಲ ಟೋಕಿಯೋ ಯಾನದಲ್ಲಿ ಅವರು ಜಪಾನಿಗೆ ಹೋಗಿದ್ದರು. ಗೆಳೆಯರೊಬ್ಬರೊಡನೆ ಹೋಟೆಲಿನಲ್ಲಿ ಊಟಕ್ಕೆ ಕುಳಿತಾಗ ತುತ್ತು ಶ್ವಾಸನಾಳದಲ್ಲಿ ಸಿಕ್ಕಿಕೊಂಡಿತು. ವೈದ್ಯರು ಬರುವ ಮೊದಲೇ ಎಲ್ಲ ಮುಗಿದಿತ್ತು. ಗಡಿಯ ಗುಡ್ಡಗಳ ಮೇಲೆ ವಾಪಿಟಿ ಹಾರಿಸಿ ಬದುಕಿ ಬಂದವರು!

ಡಿಸೆಂಬರ್ 1ರಂದು ಆ ಪೀಠಕ್ಕೆ ಬಂದವರು ಆಸ್ಪಿ ಎಂಜಿನಿಯರ್. ಒಂದನೆಯ ಸ್ಕ್ವಾಡ್ರನ್ನಿನಲ್ಲಿ ಪಳಗಿದವರು, ಬೆಂಗಳೂರಿನ ವಿಮಾನ ಕಾರ್ಖಾನೆಯನ್ನು ನಡೆಸಿದವರು. ಈ ಸಲ ಆಂಗ್ಲರನ್ನು ಕರೆಯುವ ಮಾತೇ ಇರಲಿಲ್ಲ.